ಹೆಸರಿನಾಗ ಓಕ್ ಅದ, ಮರ ಓಕ್ ಹೌದೋ ಅಲ್ಲೋ?

ಫಲಕದ ಕೆಲಸ, ಕಲಬುರಗಿ

ಇಲ್ಲಿ ಒಂದು ಉದ್ಯಾನದ ಮರಗಳಿಗಿ ನಾಮಫಲಕ ತಯಾರಾಗ್ಲಿಕ್ಕತ್ತಾವ. ಕೈಗಿ ಬಂದ ಪಟ್ಟಿಯೊಳಗ ನಾಕು ಮರದ ಮುಂದ ‘ಓಕ್’ ಅಂತ ಬರ್ದದ: ಸಿಲ್ವರ್ ಓಕ್, ಸಿಲೋನ್ ಓಕ್, ಇಂಡಿಯನ್ ಓಕ್, ಶೀ ಓಕ್. ನಾಕಕ್ಕೂ ಕುಟುಂಬದ ಜಾಗದಾಗ ‘ಫ್ಯಾಗೇಸಿ’ ಅಂತ ಒಂದೇ ಹೆಸರು ಟೈಪ್ ಮಾಡ್ಯಾರ. ಸಿಲ್ವರ್ ಓಕಿನ ಎಲಿ ನೋಡಿದ್ರ ಜರಿಗಿಡದ ಎಲಿ ಇದ್ದಂಗ ಅದ, ಶೀ ಓಕ್ ಅಂದ್ರ ಸೂಜಿ ಸೂಜಿ. ಎರಡೂ ಒಂದೇ ಕುಟುಂಬ ಅಂದ್ರ ನಂಬಿಕಿ ಬರ್ತಿಲ್ಲ. ಫಲಕ ಅಚ್ಚಿಗಿ ಹೋಗೋದ್ರೊಳಗ ತಿದ್ದಬೇಕು. ಖರೇ ಓಕ್ ಯಾವುದು, ಅದನ್ನ ಹೆಂಗ ಗುರ್ತು ಹಿಡಿಬೇಕು, ಈ ನಾಕು ಯಾವ ಕುಟುಂಬದವು? ತಿಳಿದವರು ಬಿಡಿಸಿ ಹೇಳ್ರಿ.

ಬೀದರ ಬಟ್ಟಲುಕಾಯಿ

ನಾಲ್ಕರಲ್ಲಿ ಒಂದೂ ಓಕ್ ಅಲ್ಲ. ಸಿಲ್ವರ್ ಓಕ್ ಎಂದರೆ ಗ್ರೆವಿಲಿಯಾ ರೊಬಸ್ಟಾ, ಪ್ರೋಟಿಯೇಸಿ ಕುಟುಂಬ. ಸಿಲೋನ್ ಓಕ್ ಎಂದರೆ ನಮ್ಮ ಸಾಗಡೆ, ಶ್ಲೈಖೆರಾ ಓಲಿಯೋಸಾ, ಅಂಟುವಾಳದ ಕುಟುಂಬವಾದ ಸಪಿಂಡೇಸಿ. ಇಂಡಿಯನ್ ಓಕ್ ಎಂದರೆ ಬ್ಯಾರಿಂಗ್ಟೋನಿಯಾ ಅಕ್ಯೂಟಾಂಗ್ಯುಲಾ, ಲೆಸಿಥಿಡೇಸಿ. ಶೀ ಓಕ್ ಎಂದರೆ ಗಾಳಿಮರ, ಕ್ಯಾಸುರಿನೇಸಿ.

ಓಕ್ ಎನ್ನಬೇಕಾದದ್ದು ಫ್ಯಾಗೇಸಿ ಕುಟುಂಬದ ಕ್ವರ್ಕಸ್ ಕುಲದ ಮರಗಳನ್ನು ಮಾತ್ರ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಕುಲವನ್ನು ದಾಖಲಿಸಿದ. ಇಂದು 430ಕ್ಕೂ ಹೆಚ್ಚು ಪ್ರಭೇದಗಳನ್ನು ಎಣಿಸುತ್ತಾರೆ. ದಕ್ಷಿಣ ಪರ್ಯಾಯ ದ್ವೀಪದಲ್ಲಿ ಒಂದು ಪ್ರಭೇದವೂ ತಾನಾಗಿ ಬೆಳೆಯುವುದಿಲ್ಲ. ಪಶ್ಚಿಮ ಘಟ್ಟದಲ್ಲೇ ಇಲ್ಲ ಎಂದ ಮೇಲೆ ಚಿಂಚೋಳಿ ಕಾಡಿನಲ್ಲಿ ಹುಡುಕುವ ಮಾತೇ ಬೇಡ. ಭಾರತದಲ್ಲಿ ಓಕ್ ನೋಡಬೇಕೆಂದರೆ ಹಿಮಾಲಯಕ್ಕೆ ಇಲ್ಲವೇ ಈಶಾನ್ಯದ ಬೆಟ್ಟಗಳಿಗೆ ಹೋಗಬೇಕು.

ಗುರುತು ಒಂದೇ ಮಾತಿನಲ್ಲಿ ಬೇಕೆಂದರೆ ಕಾಯಿ. ನುಣುಪಾದ ಒಂದು ಗಟ್ಟಿ ಕಾಯಿ, ಅದರ ಬುಡ ಒಂದು ಬಟ್ಟಲೊಳಗೆ ಕೂತಿರುತ್ತದೆ, ಬಟ್ಟಲಿನ ಹೊರಮೈಯಲ್ಲಿ ಹುರುಪೆ ಅಥವಾ ಉಂಗುರದ ಗೆರೆ. ಈ ಬಟ್ಟಲು ಇಲ್ಲದ ಮರಕ್ಕೆ ಯಾರು ಏನೇ ಹೆಸರಿಟ್ಟರೂ ಅದು ಓಕ್ ಅಲ್ಲ.

ಚಿಂಚೋಳಿ ಗಿಡಗಂಟಿ

ಬಟ್ಟಲ ಮಾತು ಬರೋಬ್ಬರಿ ಅದರಿ, ಆದ್ರ ಬಟ್ಟಲು ಕಂಡ ಕೂಡ್ಲೆ ಕ್ವರ್ಕಸ್ ಅಂತ ಬರಿಬ್ಯಾಡ್ರಿ. ಲಿಥೋಕಾರ್ಪಸ್ ಅಂತ ಇನ್ನೊಂದು ಕುಲ ಅದ, ಅದೂ ಫ್ಯಾಗೇಸಿನೇ, ಅದಕ್ಕೂ ಬಟ್ಟಲು ಅದ. ಗಂಡು ಹೂವಿನ ಗೊಂಚಲು ನೋಡ್ರಿ. ಕ್ವರ್ಕಸ್‌ದು ಸಣ್ಣ ದಾರದಂಗ ಕೆಳಗ ಜೋತು ಬಿದ್ದಿರ್ತದ, ಪರಾಗ ಗಾಳಿಗಿ ಹಾರ್ತದ. ಲಿಥೋಕಾರ್ಪಸ್‌ದು ನೆಟ್ಟಗ ನಿಂತಿರ್ತದ, ವಾಸನಿ ಬರ್ತದ, ಹುಳ ಬರ್ತಾವ. ಕ್ಯಾಸ್ಟನಾಪ್ಸಿಸ್ ಅಂತ ಮೂರನೇದು ಅದ, ಅದರ ಬಟ್ಟಲು ಸಾಮಾನ್ಯವಾಗಿ ಮುಳ್ಳಾಗಿ ಇಡೀ ಕಾಯಿನೇ ಮುಚ್ಚಿರ್ತದ.

ಕಾಯಿ, ಹೂ ಎರಡೂ ಇಲ್ಲದ ಕಾಲಕ್ಕ ಟೊಂಗಿ ನೋಡಬೇಕು. ಓಕಿನ ಟೊಂಗಿ ತುದಿಗಿ ಒಂದೇ ಮೊಗ್ಗಿ ಇರಂಗಿಲ್ಲ, ಮೂರು ನಾಕು ಗುಂಪಾಗಿ ಕೂತಿರ್ತಾವ. ಎಲಿ ಒಂದಾದ ಮ್ಯಾಲೊಂದು ಸುತ್ತಿಕೊಂಡು ಬರ್ತಾವ, ಎದರಾಬದರ ಜೋಡಿ ಇರಂಗಿಲ್ಲ. ಎಲಿ ಎಷ್ಟ್ ಸೀಳಿದ್ರೂ ಒಂದೇ ಎಲಿ, ಬಿಡಿ ಬಿಡಿ ಎಲಿ ಅಲ್ಲ. ಹೊಸ ಬ್ಲೇಡ್ ತಗೊಂಡು ಎಳೆ ಟೊಂಗಿ ಅಡ್ಡ ಕೊಯ್ದು ನೋಡ್ರಿ: ನಡುವಿನ ತಿರುಳು ಐದು ಮೂಲೆಯ ಚುಕ್ಕಿಯಂಗ ಕಾಣ್ತದ. 10 ಪಟ್ಟು ದೊಡ್ಡದು ತೋರಿಸೋ ಕೈಮಸೂರ ಇದ್ರ ಇನ್ನಾ ಛಲೋ. ಮೊಂಡ ಬ್ಲೇಡಿಲೆ ಕೊಯ್ದ್ರ ತಿರುಳು ಕಿವುಚಿ ದುಂಡಗ ಕಾಣ್ತದ, ಅಲ್ಲೇ ಮಂದಿ ತಪ್ಪೋದು.

ಬೀದರ ಬಟ್ಟಲುಕಾಯಿ

ಲಿಥೋಕಾರ್ಪಸ್ ಬಿಟ್ಟಿದ್ದೆ, ಸೇರಿಸಿದ್ದು ಒಳ್ಳೆಯದಾಯಿತು.

ಕುಲದೊಳಗಿನ ವಿಂಗಡಣೆಯನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಹಳೆಯ ಪುಸ್ತಕ ಹಿಡಿದವರಿಗೂ ಹೊಸ ಪಟ್ಟಿ ಹಿಡಿದವರಿಗೂ ಇಲ್ಲಿ ತಾಳೆ ಆಗುವುದಿಲ್ಲ. ಮೊದಲು ಬಟ್ಟಲಿನ ಮೇಲೆ ಉಂಗುರವಿದ್ದವು ಒಂದು ಉಪಕುಲ, ಹುರುಪೆಯಿದ್ದವು ಇನ್ನೊಂದು ಎಂದು ಬೇರ್ಪಡಿಸುತ್ತಿದ್ದರು. ಡಿಎನ್‌ಎ ಮತ್ತು ಪರಾಗದ ಮೇಲ್ಮೈ ನೋಡಿದ ಮೇಲೆ ಅದು ನಿಲ್ಲಲಿಲ್ಲ. 2017ರಲ್ಲಿ ಬಂದ ಪರಿಷ್ಕೃತ ವಿಂಗಡಣೆಯಲ್ಲಿ ಉಪಕುಲಗಳು ಎರಡೇ, ಕ್ವರ್ಕಸ್ ಮತ್ತು ಸೆರಿಸ್. ಎರಡರಲ್ಲೂ ಸೇರಿ ಎಂಟು ವಿಭಾಗ. ಮೊದಲನೆಯದರಲ್ಲಿ ಕ್ವರ್ಕಸ್, ಲೊಬಾಟೆ, ವೈರೆಂಟಿಸ್, ಪ್ರೋಟೋಬಲಾನಸ್, ಪಾಂಟಿಸೆ. ಎರಡನೆಯದರಲ್ಲಿ ಸೆರಿಸ್, ಐಲೆಕ್ಸ್, ಸೈಕ್ಲೋಬಲನಾಪ್ಸಿಸ್. ಉಂಗುರದ ಬಟ್ಟಲಿನವು ಈಗ ಉಪಕುಲವಲ್ಲ, ಸೆರಿಸ್ ಉಪಕುಲದೊಳಗಿನ ಒಂದು ವಿಭಾಗ ಅಷ್ಟೇ.

ಜನ ಹೆಚ್ಚು ಕೇಳುವುದು ಬಿಳಿ ಓಕ್, ಕೆಂಪು ಓಕ್ ವ್ಯತ್ಯಾಸ. ಬಿಳಿ ಎಂದರೆ ಕ್ವರ್ಕಸ್ ವಿಭಾಗ, ಕೆಂಪು ಎಂದರೆ ಲೊಬಾಟೆ. ಕೆಂಪು ಓಕಿನ ಎಲೆಯ ಮೊನೆಗಳಲ್ಲಿ ನರ ಹೊರಗೆ ಚಾಚಿ ಬಿರುಗೂದಲಾಗಿರುತ್ತದೆ, ಬಿಳಿಯದರಲ್ಲಿ ಇರುವುದಿಲ್ಲ. ಕೆಂಪಿನ ಕಾಯಿ ಮಾಗಲು ಬಹುಮಟ್ಟಿಗೆ ಎರಡು ವರ್ಷ, ಬಿಳಿಯದಕ್ಕೆ ಒಂದೇ. ಸಂಶಯ ಉಳಿದರೆ ಕಾಯಿ ಒಡೆದು ಚಿಪ್ಪಿನ ಒಳಮೈ ಉಗುರಿನಿಂದ ಸವರಿ ನೋಡಿ. ಕೆಂಪಿನದರಲ್ಲಿ ಒಳಗೆ ಮಕಮಲ್ಲಿನಂಥ ರೋಮ, ಬಿಳಿಯದರಲ್ಲಿ ನುಣುಪು. ಎಲೆ ಮೋಸ ಮಾಡುತ್ತದೆ, ಚಿಪ್ಪು ಅಷ್ಟು ಸುಲಭಕ್ಕೆ ಮಾಡುವುದಿಲ್ಲ.

ಎಲೆಯ ಮೋಸ ಎಂದರೆ: ಬಿಸಿಲಿಗೆ ಬಿದ್ದ ತುದಿಯ ಎಲೆ ಚಿಕ್ಕದು, ದಪ್ಪ, ಆಳವಾಗಿ ಸೀಳಿದ್ದು. ಅದೇ ಮರದ ನೆರಳಿನ ಎಲೆ ದೊಡ್ಡದು, ತೆಳು, ಸೀಳು ಕಮ್ಮಿ. ಕಡಿದ ಬುಡದಿಂದ ಚಿಗುರಿದ ಎಲೆಯಂತೂ ಯಾವ ಪ್ರಭೇದದ್ದೆಂದೇ ಗೊತ್ತಾಗದಷ್ಟು ಬೇರೆ. ಇದರ ಮೇಲೆ ಒಂದೇ ವಿಭಾಗದ ಪ್ರಭೇದಗಳು ತಮ್ಮತಮ್ಮಲ್ಲೇ ಬೆರೆಯುತ್ತವೆ. ಅದಕ್ಕೇ ಯುರೋಪಿನ ಎರಡು ಸಾಮಾನ್ಯ ಓಕ್‌ಗಳನ್ನು ಬಿಡಿಸಲು ಎಲೆಯ ಆಕಾರಕ್ಕಿಂತ ತೊಟ್ಟು ನೋಡುತ್ತಾರೆ. ಕ್ವರ್ಕಸ್ ರೋಬರ್‌ನಲ್ಲಿ ಎಲೆಯ ತೊಟ್ಟು ಗಿಡ್ಡ, ಕಾಯಿಯ ತೊಟ್ಟು ಉದ್ದ. ಕ್ವರ್ಕಸ್ ಪೆಟ್ರಿಯಾದಲ್ಲಿ ಉಲ್ಟಾ, ಎಲೆಗೆ ಉದ್ದ ತೊಟ್ಟು, ಕಾಯಿ ಟೊಂಗೆಗೆ ಅಂಟಿಕೊಂಡೇ ಕೂತಿರುತ್ತದೆ.

ಫಲಕದ ಕೆಲಸ, ಕಲಬುರಗಿ

ಖರೇ ಓಕ್ ತಿಳೀತರಿ. ಆದ್ರ ಪಟ್ಟಿ ಮಾಡಿದವರು ಬರೀ ಹೆಸರು ಬರ್ದು ಬಿಟ್ಟಾರ. ‘ಇಂಡಿಯನ್ ಓಕ್’ ಅಂತ ಬರ್ದಿದ್ದ ಮರ ಬ್ಯಾರಿಂಗ್ಟೋನಿಯಾನೇ ಅಂತ ಹೆಂಗ ಗ್ಯಾರಂಟಿ? ನಾಕಕ್ಕೂ ನಿಂತಲ್ಲೇ ನೋಡೋ ಗುರ್ತು ಬೇಕು.

ಚಿಂಚೋಳಿ ಗಿಡಗಂಟಿ

ಹೆಸರು ನೋಡಿ ಮರ ತೀರ್ಮಾನ ಮಾಡಬಾರ್ದು ಅಂದಿದ್ದು ಬರೋಬ್ಬರಿ. ಒಂದೊಂದೇ ನೋಡೋಣ್ರಿ.

ಸಿಲ್ವರ್ ಓಕ್ ಭಾಳ ಸಸಾರ. ಎಲಿ ಮಗಚಿ ಹಾಕ್ರಿ, ಹಿಂದಿನ ಮೈ ಬೆಳ್ಳಿ ಬಣ್ಣ, ರೇಷ್ಮಿ ರೋಮ. ಗಾಳಿ ಬೀಸಿದಾಗ ಇಡೀ ಮರ ಮಿಂಚ್ತದ. ಹೂ ಕಿತ್ತಳಿ ಹಳದಿ, ಹಲ್ಲುಜ್ಜೋ ಬ್ರಶ್ಶಿನಂಗ ಒಂದೇ ಕಡಿ ಮುಖ ಮಾಡಿರ್ತಾವ. ಕಾಯಿ ಸುಮಾರು 2 ಸೆಂ.ಮೀ., ದೋಣಿ ಆಕಾರ, ಒಣಗಿದ ಮ್ಯಾಲ ಒಂದು ಕಡಿ ಬಿರೀತದ, ಒಳಗ ರೆಕ್ಕಿ ಇರೋ ಚಪ್ಪಟಿ ಬೀಜ. ಬಟ್ಟಲು ಇಲ್ಲವೇ ಇಲ್ಲ. ಮೂಲ ಪೂರ್ವ ಆಸ್ಟ್ರೇಲಿಯಾ. ನಮ್ಮ ರಾಜ್ಯದಾಗ ಕೊಡಗು, ಚಿಕ್ಕಮಗಳೂರು ಕಾಫಿ ತೋಟಕ್ಕ ನೆರಳಿನ ಮರ. ಎರಿ ಮಣ್ಣಿನಾಗ ಮಳಿಗಾಲಕ್ಕ ನೀರು ನಿಂತ್ರ ಬೇರು ಕೊಳೀತದ, ಮರ ತುದಿಯಿಂದ ಒಣಗ್ತಾ ಬರ್ತದ. ಎಲಿ, ಹೂ ಮೈಗಿ ತಾಗಿ ಕೆಲವರಿಗಿ ತುರಿಕಿ ಏಳ್ತದ, ಟೊಂಗಿ ಕಡಿಯುವಾಗ ತುಂಬುತೋಳಿನ ಅಂಗಿ ಹಾಕ್ಕೋರಿ.

ಸಾಗಡೆ: ಒಂದು ತೊಟ್ಟಿಗಿ 2ರಿಂದ 4 ಜೋಡಿ ಎಲಿ. ತುದಿಗಿ ಒಂಟಿ ಎಲಿ ಇಲ್ಲ, ತುದಿಯ ಜೋಡಿನೇ ಎಲ್ಲಕ್ಕಿಂತ ದೊಡ್ಡದು. ಬ್ಯಾಸಗಿ ಶುರುವಿಗಿ ಚಿಗುರು ರಕ್ತಗೆಂಪು, ದೂರದಿಂದ ಮರ ಹೂ ಬಿಟ್ಟಂಗ ಕಾಣ್ತದ. ಅರಗಿನ ಹುಳ ಸಾಕೋ ಮರ ಇದೇ. ಹಿಂದಿಯಾಗ ಕುಸುಮ್ ಅಂತಾರ, ಹಂಗಾಗಿ ಫಲಕದ ಕೆಳಗ ‘ಇದರ ಬೀಜದಿಂದ ಕುಸುಬಿ ಎಣ್ಣಿ’ ಅಂತ ಬರ್ದುಬಿಟ್ರೀ ಜ್ವಾಕಿ. ನಮ್ಮ ಹೊಲದ ಕುಸುಬಿ ಬ್ಯಾರೆ, ಅದು ಮುಳ್ಳಿನ ಗಿಡ, ಸೂರ್ಯಕಾಂತಿ ಕುಟುಂಬದ್ದು.

ಬ್ಯಾರಿಂಗ್ಟೋನಿಯಾ ನೀರಿನ ದಂಡಿ ಮರ. ಎಲಿ ಟೊಂಗಿ ತುದಿಗಿ ಗುಂಪಾಗಿ ಇರ್ತಾವ, ಗೊಂಚಲು ಕೆಳಗ ಜೋತಿರ್ತದ, ಇವೆರಡೂ ನೋಡಿ ಓಕ್ ಅಂತ ಮೋಸ ಹೋಗಬಹುದು. ಆದ್ರ ಇದರ ಹೂ ಕೆಂಪು, ಕೇಸರಗಳು ರಾಶಿ ರಾಶಿ, ರಾತ್ರಿ ಅರಳಿ ಮುಂಜಾನಿ ನೆಲಕ್ಕ ಉದುರಿ ಬಿದ್ದಿರ್ತಾವ. ಕಾಯಿ ಅಡ್ಡ ಕೊಯ್ರಿ, ನಾಕು ಮೂಲಿ. ಅತ್ತಾರ (ಗಿಡಮೂಲಿಕಿ) ಅಂಗಡಿಯಾಗ ಸಮುದ್ರಫಲ ಅಂತ ಕೊಡೋದು ಇದೇ.

ಗಾಳಿಮರ ಎಲ್ಲರಿಗೂ ಗೊತ್ತು, ಆದ್ರ ಆ ಹಸುರು ಸೂಜಿ ಎಲಿ ಅಲ್ಲ, ಟೊಂಗಿ. ಒಂದು ಸೂಜಿ ತಗೊಂಡು ಎರಡೂ ಕೈಲೆ ಜಗ್ರಿ, ಗೆಣ್ಣಿನಾಗ ಪಟ್ ಅಂತ ಬಿಡ್ತದ. ಬಿಟ್ಟ ಜಾಗದಾಗ ಸಣ್ಣ ಹಲ್ಲು ಸುತ್ತೂ ಕಾಣ್ತಾವ, ಅವೇ ಎಲಿ. ಹಲ್ಲು ಎಣಿಸ್ರಿ. 7 ಇಲ್ಲಾ 8 ಇದ್ರ ಸಾಮಾನ್ಯವಾಗಿ ಕ್ಯಾಸುರಿನಾ ಇಕ್ವಿಸಿಟಿಫೋಲಿಯಾ. 12ರ ಮ್ಯಾಲಿದ್ರ ಕ್ಯಾಸುರಿನಾ ಗ್ಲಾಕಾ ಇರಬಹುದು. ಒಂದು ಗೆಣ್ಣು ಎಣಿಸಿ ನಿಲ್ಲಬ್ಯಾಡ್ರಿ, ಬ್ಯಾರೆ ಬ್ಯಾರೆ ಟೊಂಗಿಯ ಹತ್ತು ಗೆಣ್ಣರೆ ನೋಡ್ರಿ.

ಬೀದರ ಬಟ್ಟಲುಕಾಯಿ

ಒಂದು ತಮಾಷೆ ಇದೆ. ಈ ನಾಲ್ಕರಲ್ಲಿ ಓಕಿಗೆ ನಿಜವಾದ ನೆಂಟ ಗಾಳಿಮರ ಒಂದೇ. ಕ್ಯಾಸುರಿನೇಸಿಯೂ ಫ್ಯಾಗೇಸಿಯೂ ಫ್ಯಾಗೇಲಿಸ್ ಎಂಬ ಒಂದೇ ಗಣಕ್ಕೆ, ಅಂದರೆ ಕುಟುಂಬಗಳ ಮೇಲಿನ ಗುಂಪಿಗೆ, ಸೇರುತ್ತವೆ. ಅಕ್ರೋಟ, ಅತ್ತಾರ ಅಂಗಡಿಯ ಕಾಯಫಲ ಕೂಡ ಅದೇ ಗಣ. ನೋಡಲು ಎಲ್ಲಕ್ಕಿಂತ ಓಕಿನ ಹಾಗಿಲ್ಲದ ಮರವೇ ಹತ್ತಿರದ ಬಳಗ! ಆದರೂ ಕುಟುಂಬದ ಜಾಗದಲ್ಲಿ ಫ್ಯಾಗೇಸಿ ಎಂದು ಹಾಕುವ ಹಾಗಿಲ್ಲ.

ಗರಗಸ ಹುಮನಾಬಾದ

ಈ ಮರಗಳಿಗಿ ಓಕ್ ಅಂತ ಹೆಸರು ಬಿದ್ದದ್ದು ಯಾಕಂದ್ರ ಬಹಳ ಕಡಿ ಕಟ್ಟಿಗಿ ನೋಡಿ. ಸಿಲ್ವರ್ ಓಕಿನ ಮತ್ತ ಗಾಳಿಮರದ ಹಲಗಿ ತಿರುಳಿನ ಕಡಿಯಿಂದ ತೊಗಟಿ ಕಡಿಗಿ ಸೀಳಿದ್ರ ಮೈಮ್ಯಾಲ ಅಗಲ ಹೊಳಪಿನ ಪಟ್ಟಿ ಬೀಳ್ತಾವ. ಅವು ಅಡ್ಡಕಿರಣಗಳು, ಓಕಿನ್ಯಾಗೂ ಹಂಗೇ ಬೀಳ್ತಾವ. ಇಂಗ್ಲೆಂಡಿನಿಂದ ಹೋದವರು ಆಸ್ಟ್ರೇಲಿಯಾದಾಗ ಹಲಗಿ ಕೊಯ್ದು, ತಮಗ ಗೊತ್ತಿದ್ದ ಹೆಸರು ಇಟ್ರು.

ಅಂಗಡಿಯವರು ‘ಓಕ್’ ಅಂತ ಕೊಡೋದ್ರಾಗ ಮೂರು ತರ ಅದಾವ. ‘ಓಕ್ ಫಿನಿಶ್’ ಅಂದ್ರ ಕಾಗದದ ಮ್ಯಾಲ ಅಚ್ಚು ಹಾಕಿದ ಲ್ಯಾಮಿನೇಟ್. ಅಂಚು ನೋಡಿದ್ರ ಗೆರಿ ಒಳಗ ಇಳಿದಿರಂಗಿಲ್ಲ. ಎರಡನೇದು ಸಿಲ್ವರ್ ಓಕ್. ಮೂರನೇದು ಹೊರದೇಶದಿಂದ ಬಂದ ಖರೇ ಓಕ್. ಅಡ್ಡಕೊಯ್ತ ಹೊಸ ಬ್ಲೇಡಿಲೆ ಸಾಪ್ ಮಾಡಿ, ಒಂದು ಹನಿ ನೀರು ಸವರಿ, ಮಸೂರ ಹಿಡೀರಿ. ಕೆಂಪು, ಬಿಳಿ ಓಕಿನ್ಯಾಗ ವರ್ಷದ ಬಳಿ ಶುರುವಿಗಿ ದೊಡ್ಡ ತೂತುಗಳ ಸಾಲು, ಆಮ್ಯಾಲ ಒಮ್ಮಿಗೇ ಸಣ್ಣವು. ನಡುವ ಬರಿಗಣ್ಣಿಗಿ ಕಾಣೋ ಅಗಲ ಅಡ್ಡಕಿರಣ. ಸಾಗವಾನಿಗೂ ತೂತಿನ ಸಾಲು ಇರ್ತದ, ಆದ್ರ ಇಷ್ಟು ಅಗಲದ ಕಿರಣ ಇಲ್ಲ. ಸಿಲ್ವರ್ ಓಕಿಗಿ ಕಿರಣ ಅಗಲ, ಆದ್ರ ದೊಡ್ಡ ತೂತಿನ ಬಳಿ ಇಲ್ಲ. ಎರಡೂ ಗುರ್ತು ಕೂಡಿ ಬಂದ್ರ ಮಾತ್ರ ಓಕ್ ಅನ್ರಿ.

ಬಿಳಿದೋ ಕೆಂಪೋ ತಿಳೀಬೇಕಾದ್ರ ದೊಡ್ಡ ತೂತಿನೊಳಗ ನೋಡ್ರಿ. ಬಿಳಿ ಓಕಿನ ಕಾವಿನ್ಯಾಗ, ಅಂದ್ರ ನಡುವಿನ ಕಟ್ಟಿಗ್ಯಾಗ, ನೊರಿಯಂಥ ಪೊರಿ ತುಂಬಿ ಮುಚ್ಚಿರ್ತದ. ಅದಕ್ಕೇ ಪೀಪಾಯಿ ಮಾಡೋದು ಅದರಿಂದ, ನೀರು ಸೋರಂಗಿಲ್ಲ. ಕೆಂಪು ಓಕಿನ ತೂತು ಖುಲ್ಲಾ ಇರ್ತಾವ. ನಾಕು ಬಟ್ಟು ಉದ್ದದ ತುಂಡಿನ ಒಂದು ತುದಿ ನೀರಿಗಿ ಮುಳುಗಿಸಿ ಇನ್ನೊಂದು ತುದಿಯಿಂದ ಊದಿದ್ರ ಗುಳ್ಳಿ ಬರ್ತಾವ. ರಾಸಾಯನಿಕ ಪರೀಕ್ಷಿನೂ ಅದ: 100 ಮಿ.ಲೀ. ನೀರಿಗಿ 10 ಗ್ರಾಂ ಸೋಡಿಯಂ ನೈಟ್ರೈಟ್. ಕಾವಿನ ಮ್ಯಾಲ ಸವರಿ ಕೆಲವು ನಿಮಿಷ ಬಿಡ್ರಿ, ಬಿಳಿ ಓಕ್ ಕಡುನೀಲಿ ಹಸುರಿನಿಂದ ಕಪ್ಪಿಗಿ ತಿರುಗ್ತದ, ಕೆಂಪಿನ ಬಣ್ಣ ಅಷ್ಟು ಬದಲಾಗಂಗಿಲ್ಲ. ತೊಗಟಿ ಕಡಿಯ ಬಿಳಿ ಕಟ್ಟಿಗಿಗಿ ಹಾಕಿದ್ರ ಏನೂ ಗೊತ್ತಾಗಂಗಿಲ್ಲ, ವಾರ್ನಿಶ್ ಮ್ಯಾಲ ಹಾಕಿದ್ರೂ ಅಷ್ಟೇ. ಆ ಪುಡಿ ವಿಷ, ನೋಡ್ಲಿಕ್ಕ ಉಪ್ಪಿನಂಗ ಇರ್ತದ. ಅಡಿಗಿ ಮನ್ಯಾಗ ಇಡಬ್ಯಾಡ್ರಿ.

ಯಾದಗಿರಿ ಒಣಹಾಳೆ

ಫಲಕದ ಮೇಲೆ ವೈಜ್ಞಾನಿಕ ಹೆಸರು ಹಾಕುವಿರಾದರೆ ಪ್ರತಿ ಮರಕ್ಕೂ ಒಂದು ಒಣಮಾದರಿ ಇಟ್ಟುಕೊಳ್ಳುವುದು ಲೇಸು. ನಾಳೆ ಯಾರಾದರೂ ತಕರಾರು ತೆಗೆದರೆ ತೋರಿಸಲು ಕೈಯಲ್ಲಿ ಏನಾದರೂ ಬೇಕು.

25ರಿಂದ 30 ಸೆಂ.ಮೀ. ಟೊಂಗೆ, ಹೂ ಅಥವಾ ಕಾಯಿ ಸಮೇತ. ಕತ್ತರಿಸಿದ ಕೂಡಲೇ ಪತ್ರಿಕೆಯ ನಡುವೆ ಹರಡಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಸಂಜೆವರೆಗೆ ಚೀಲದಲ್ಲಿಟ್ಟರೆ ಎಲೆ ಸುರುಳಿಯಾಗಿ ಮತ್ತೆ ಬಿಚ್ಚುವುದಿಲ್ಲ. ಎರಡು ಮೂರು ಎಲೆಗಳನ್ನು ಮಗುಚಿ ಇಡಿ, ಸಿಲ್ವರ್ ಓಕಿನಲ್ಲಿ ಗುರುತೇ ಹಿಂಬದಿಯಲ್ಲಿದೆ. ಮೊದಲ ಮೂರು ದಿನ ದಿನಕ್ಕೊಮ್ಮೆ ಕಾಗದ ಬದಲಿಸಬೇಕು, ಇಲ್ಲದಿದ್ದರೆ ಬೂಷ್ಟು. ಸಾಗಡೆಯಂಥ ಸಂಯುಕ್ತ ಎಲೆ ಒತ್ತಿನಲ್ಲಿ ಉದುರಿಹೋದರೆ, ಹೊಸ ಟೊಂಗೆಯನ್ನು ಕುದಿಯುವ ನೀರಿನಲ್ಲಿ ಕ್ಷಣಕಾಲ ಅದ್ದಿ ತೆಗೆದು ಒತ್ತಿ ನೋಡಿ. ಗಾಳಿಮರ ಒಣಗಿದ ಮೇಲೆ ಗೆಣ್ಣುಗಳಲ್ಲಿ ಪುಡಿಪುಡಿಯಾಗುತ್ತದೆ, ಅದನ್ನು ಲಕೋಟೆಯಲ್ಲೇ ಇಡುವುದು ವಾಸಿ. ಮಾದರಿ ಅಂಟಿಸುವ ಹಾಳೆ ಸುಮಾರು 42×28 ಸೆಂ.ಮೀ. ದಪ್ಪ ಕಾಯಿಯನ್ನು ಒತ್ತಲು ಹೋಗಬೇಡಿ, ಅದೇ ಸಂಖ್ಯೆಯ ಚೀಟಿ ಕಟ್ಟಿ ಬೇರೆ ಇಡಿ.

ಮೊಬೈಲ್ ಆ್ಯಪ್ ನಂಬುವವರಿಗೆ ಒಂದು ಮಾತು. ಒಂದೇ ಎಲೆಯ ಚಿತ್ರ ಹಾಕಿದರೆ ಉತ್ತರವೂ ಅಷ್ಟೇ ಅರೆಬರೆ. ಎಲೆಯ ಎರಡೂ ಮೈ, ಟೊಂಗೆಯ ತುದಿ, ತೊಗಟೆ, ಹೂ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟ ಕಾಯಿ, ಇಷ್ಟೂ ಬೇಕು.

ಸುರಪುರ ಪಾತಿ

ಖರೇ ಓಕ್ ತರಿಸಿ ಉದ್ಯಾನದಾಗ ಒಂದು ಹಚ್ಚಿದ್ರ ಹೆಂಗ ಅಂತ ಯಾರರೆ ಕೇಳ್ತಾರ ಅನ್ನೋದ್ರೊಳಗ ಹೇಳಿಬಿಡ್ತೀನಿ. ಓಕಿನ ಬೀಜ ಒಣಗಿದ್ರ ಸತ್ತಂಗ. ತೊಗರಿ, ಜೋಳದಂಗ ಡಬ್ಬಿಯೊಳಗ ಇಟ್ಟು ಮುಂದಿನ ವರ್ಷ ಬಿತ್ತೋ ಬೀಜ ಅಲ್ಲ ಅದು. ಆನ್‌ಲೈನಿನಾಗ ಪ್ಲಾಸ್ಟಿಕ್ ಚೀಲದಾಗ ಒಣಗಿ ಬರೋ ಕಾಯಿ ನೀರಿಗಿ ಹಾಕ್ರಿ, ತೇಲಿದ್ದು ತೆಗೆದು ಒಗೀರಿ. ಮುಳುಗಿದ್ದರಾಗೂ ಕೆಂಪು ಓಕಿಂದು ಆದ್ರ ಒದ್ದಿ ಮಳಲಿನ್ಯಾಗ ಫ್ರಿಜ್ಜಿನ ತಂಪಿನಾಗ ಒಂದರಿಂದ ಮೂರು ತಿಂಗಳು ಇಡಬೇಕು, ಬಿಳಿದು ಉದುರಿದ ಕೂಡ್ಲೆ ಬೇರು ಬಿಡ್ತದ. ಮೊಳತ ಮ್ಯಾಲೂ ನಮ್ಮ ಎರಿ ಮಣ್ಣಿನ ಸುಣ್ಣಕ್ಕ ಹಲವು ಕೆಂಪು ಓಕಿಗಿ ಕಬ್ಬಿಣ ಸಿಗಂಗಿಲ್ಲ, ನರ ಹಸುರು ಉಳಿದು ಎಲಿ ಹಳದಿ ಆಗ್ತದ. ಸಸಿ ಇದ್ದಾಗಿನ ಗುರ್ತು ಒಂದು: ಓಕಿನ ಬೇಳಿ ಮಣ್ಣೊಳಗೇ ಕಾಯಿಯಾಗೇ ಉಳೀತದ, ಸಿಲ್ವರ್ ಓಕಿನ ಬೇಳಿ ಮ್ಯಾಲ ಬಂದು ಹಸುರಾಗ್ತದ.

ಹಿಮಾಲಯದ ಬಾಂಜ್ ಓಕ್ ತಂದ್ರೂ ನಡಿಯಂಗಿಲ್ಲರಿ. ಅದು ಎತ್ತರದ ತಂಪಿನ ಮರ. ಇಲ್ಲಿ ಮೇ ತಿಂಗಳ ಕಾವಿಗಿ ಎಳೆ ಸಸಿ ನಿಲ್ಲಂಗಿಲ್ಲ.

ಬೀದರ ಬಟ್ಟಲುಕಾಯಿ

ಬಾಂಜ್ ಮಾತು ಬಂತು, ಹೆಸರಿನ ಗೊಂದಲ ಒಂದು ಹೇಳುತ್ತೇನೆ. ಹಳೆಯ ಅರಣ್ಯ ಪುಸ್ತಕಗಳಲ್ಲಿ ಅದು ಕ್ವರ್ಕಸ್ ಇಂಕಾನಾ, ಸಸ್ಯವಿಜ್ಞಾನಿ ರಾಕ್ಸ್‌ಬರ್ಗ್ ಇಟ್ಟ ಹೆಸರು. ಅಮೆರಿಕದ ಬೇರೊಂದು ಓಕಿಗೆ ಬಾರ್ಟ್ರಮ್ ಎಂಬ ಸಸ್ಯವಿಜ್ಞಾನಿ ಅದೇ ಹೆಸರನ್ನು ಮೊದಲೇ ಇಟ್ಟಾಗಿತ್ತು. ನಿಯಮದ ಪ್ರಕಾರ ಮೊದಲಿನದೇ ಉಳಿಯಬೇಕು. ಹಾಗಾಗಿ ಬಾಂಜ್ ಕ್ವರ್ಕಸ್ ಲ್ಯೂಕೋಟ್ರೈಕೋಫೋರಾ ಆಯಿತು. ಎಲೆಯ ಅಡಿ ಬಿಳಿ ರೋಮ ಹೊತ್ತದ್ದು ಎಂದೇ ಆ ಹೆಸರಿನ ಅರ್ಥ. ಪಕ್ಕದ ಮೋರು ಓಕಿನಲ್ಲಿ ಎರಡೂ ಮೈ ಹಸಿರು. ಎಲೆ ಮಗುಚಿದರೆ ಸಾಕು, ಎರಡೂ ಬೇರೆಯಾಗುತ್ತವೆ.

ಆದರೆ ಓಕ್ ನಮ್ಮ ಊರಿಗೆ ಬಂದೇ ಇಲ್ಲ ಎನ್ನಬೇಡಿ. ಕೂಸಿಗೆ ಗುಟ್ಟಿ ತೇಯುವ ಕಲ್ಲಿನ ಮೇಲೆ ಬಜೆ, ಜಾಯಿಕಾಯಿಯ ಜೊತೆ ಇರುವ ಮಾಚಿಕಾಯಿ, ಕಲಬುರಗಿಯ ಅತ್ತಾರ ಅಂಗಡಿಯಲ್ಲಿ ಮಾಜೂಫಲ್ ಎಂದು ಕೇಳಿದರೆ ಕೊಡುವುದು, ಅದು ಕ್ವರ್ಕಸ್ ಇನ್‌ಫೆಕ್ಟೋರಿಯಾ ಓಕಿನದು. ಕಾಯಿ ಎನ್ನುತ್ತೇವೆ, ಕಾಯಲ್ಲ. ಒಂದು ಸಣ್ಣ ಕಣಜ ಎಳೆಯ ಟೊಂಗೆಯಲ್ಲಿ ಮೊಟ್ಟೆ ಇಟ್ಟಾಗ ಅದರ ಸುತ್ತ ಮರ ಬೆಳೆಸುವ ಗಂಟು. ಟರ್ಕಿ, ಸಿರಿಯಾ, ಇರಾನ್ ಕಡೆಯ ಮರ.

ಫಲಕದ ಕೆಲಸ, ಕಲಬುರಗಿ

ಮಾಚಿಕಾಯಿ ಓಕ್ ಮರದ್ದಾ! ಇದನ್ನ ಫಲಕದ ಬಾಜೂಕ ಒಂದು ಡಬ್ಬಿಯೊಳಗ ಇಟ್ಟು ತೋರಿಸಬಹುದು. ಅಸಲಿ ನಕಲಿ ಹೆಂಗ ನೋಡಬೇಕು?

ಚಿಂಚೋಳಿ ಗಿಡಗಂಟಿ

ದುಂಡಗ, 1ರಿಂದ 2.5 ಸೆಂ.ಮೀ., ಮೈಮ್ಯಾಲ ಮೊಂಡ ಗುಬಟಿ ಗುಬಟಿ ಇರಬೇಕು, ಕೈಯಾಗ ಹಿಡಿದ್ರ ಭಾರ ಅನ್ನಿಸಬೇಕು. ತೂತು ನೋಡ್ರಿ. ದುಂಡನ ತೂತು ಇದ್ರ ಕಣಜ ಹೊರಗ ಹೋಗ್ಯದ ಅಂತ ಅರ್ಥ. ಅಂಥದು ಹಗೂರ, ಬಣ್ಣ ಬೆಳ್ಳಗ, ಒಗರು ಕಮ್ಮಿ. ತೂತಿಲ್ಲದ ನೀಲಿಹಸುರು ಗಂಟಿಗೇ ಬೆಲಿ. ಒಡೆದ್ರ ನಡುವ ಸಣ್ಣ ಕೋಣಿ ಕಾಣಬೇಕು, ಕೆಲವೊಮ್ಮಿ ಒಣಗಿದ ಹುಳನೂ ಒಳಗ ಇರ್ತದ.

ಪುಡಿ ಇದ್ರ ಒಂದು ಚಿಟಿಕಿ ಅರ್ಧ ಲೋಟ ಬಿಸಿನೀರಿಗಿ ಹಾಕಿ ಸೋಸಿ, ಒಂದು ಹರಳು ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬಿಡ್ರಿ. ನೀಲಿಗಪ್ಪು ಮಸಿ ಆಗ್ತದ. ಆದ್ರ ಅಷ್ಟಕ್ಕೇ ಮಾಚಿಕಾಯಿ ಅಂತ ಒಪ್ಪಬ್ಯಾಡ್ರಿ, ಅಳಲೆಕಾಯಿ ಪುಡಿಗೂ ಹಂಗೇ ಕರ್ರಗ ಆಗ್ತದ, ಎರಡಕ್ಕೂ ಒಗರಿನ ಜಾತಿ ಒಂದೇ. ಕಾಚು ಬೆರೆಸಿದ್ರ ಹಸುರುಗಪ್ಪು ಕಡಿ ವಾಲ್ತದ. ಪುಡಿ ತಗೊಳ್ಳೋದಕ್ಕಿಂತ ಇಡೀ ಗಂಟು ತಗೊಂಡ್ರ ಈ ರಗಳೆನೇ ಇಲ್ಲ.

ಯಾದಗಿರಿ ಒಣಹಾಳೆ

ಡಬ್ಬಿಯ ಚೀಟಿಯಲ್ಲಿ ‘ಓಕ್ ಹಣ್ಣು’ ಎಂದು ಬರೆಯದಂತೆ ನೋಡಿಕೊಳ್ಳಿ. ‘ಓಕ್ ಗಂಟು’ ಎನ್ನಿ, ಪಕ್ಕದಲ್ಲಿ ಮಾಚಿಕಾಯಿ ಎಂಬ ಬಳಕೆಯ ಹೆಸರು.

ಬೀದರ ಬಟ್ಟಲುಕಾಯಿ

ಒಂದು ಅಡ್ಡಮಾತು. ಬೀದರಿನಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಬಂದದ್ದು ಇರಾನಿನ ಗಿಲಾನ್ ಸೀಮೆಯಿಂದ. ಕ್ಯಾಸ್ಪಿಯನ್ ದಂಡೆಯ ಆ ಕಾಡು ಓಕಿನದು, ಕ್ವರ್ಕಸ್ ಕ್ಯಾಸ್ಟನಿಫೋಲಿಯಾ, ಸೆರಿಸ್ ವಿಭಾಗ. ಬಟ್ಟಲಿನ ಹುರುಪೆಗಳು ಉದ್ದವಾಗಿ ಹೊರಕ್ಕೆ ಬಾಗಿ ರೋಮದಂತೆ ಕಾಣುತ್ತವೆ. ಚಿತ್ರ ಸಿಕ್ಕರೆ ಬಟ್ಟಲನ್ನೇ ನೋಡಿ, ಎಲೆ ಚೆಸ್ಟ್‌ನಟ್ಟಿನದೆಂದು ಮೋಸ ಮಾಡುತ್ತದೆ.

ಫಲಕದ ಕೆಲಸ, ಕಲಬುರಗಿ

ಮರ ನೋಡಿ ಬಂದಾಯ್ತು. ಸಿಲ್ವರ್ ಓಕ್ ಎಲಿ ಹಿಂದ ಬೆಳ್ಳಗ ಅದ. ಗಾಳಿಮರದ ಹಲ್ಲು ಹನ್ನೊಂದು ಗೆಣ್ಣಿನಾಗ 7, ಒಂದರಾಗ 8. ಸಾಗಡೆದು ತುದಿಯ ಜೋಡಿ ದೊಡ್ಡದು. ‘ಇಂಡಿಯನ್ ಓಕ್’ ಅಂತ ಬರ್ದಿದ್ದ ಮರಕ್ಕ ಮಾತ್ರ ಎಲಿ ಎದರಾಬದರ ಜೋಡಿ, ತೊಗಟಿ ಬೂದುಬಿಳಿ ನುಣುಪು, ಕಾಯಿಗಿ ನೆಟ್ಟನ ಐದು ರೆಕ್ಕಿ ಅದಾವ.

ಚಿಂಚೋಳಿ ಗಿಡಗಂಟಿ

ಅದು ಬ್ಯಾರಿಂಗ್ಟೋನಿಯಾ ಅಲ್ಲರಿ. ಐದು ರೆಕ್ಕಿ ಕಾಯಿ ಅಂದ್ರ ಹೊಳೆಮತ್ತಿ, ಟರ್ಮಿನೇಲಿಯಾ ಅರ್ಜುನಾ, ಕೊಂಬ್ರಿಟೇಸಿ. ಎಲಿಯ ತೊಟ್ಟು ಕೂಡೋ ಜಾಗದಾಗ ಎರಡು ಸಣ್ಣ ಗುಳ್ಳಿ ಇರ್ತಾವ, ಮುಟ್ಟಿ ನೋಡ್ರಿ. ತೊಗಟಿ ಮೊಸಳಿ ಚರ್ಮದಂಗ ಸೀಳಿದ್ರ ಬರೀ ಮತ್ತಿ ಅಂತಿದ್ದೆ. ಆ ಫಲಕದಾಗಿಂದ ಓಕ್ ಅನ್ನೋದೇ ತೆಗೀರಿ.

ಉಳಿದ ಮೂರಕ್ಕ ‘ಸಿಲ್ವರ್ ಓಕ್’, ‘ಸಿಲೋನ್ ಓಕ್’, ‘ಶೀ ಓಕ್’ ಅನ್ನೋ ಹೆಸರು ಇರ್ಲಿ, ಮಂದಿ ಕರೆಯೋ ಹೆಸರು ಯಾಕ ಅಳಿಸೋದು. ದೊಡ್ಡ ಅಕ್ಷರದಾಗ ಕನ್ನಡ ಹೆಸರು, ಅದರ ಕೆಳಗ ವೈಜ್ಞಾನಿಕ ಹೆಸರು ಓರೆ ಅಕ್ಷರದಾಗ, ಕುಟುಂಬದ ಹೆಸರು ನೆಟ್ಟಗ. ಮತ್ತ ಫಲಕ ಮರಕ್ಕ ಮೊಳಿ ಹೊಡಿಬ್ಯಾಡ್ರಿ. ಸ್ಪ್ರಿಂಗ್ ಹಾಕಿದ ತಂತಿಲೆ ಸಡಲಾಗಿ ಕಟ್ರಿ, ವರ್ಷಕ್ಕೊಮ್ಮಿ ಬಿಚ್ಚಿ ಸುತ್ತಳತಿ ನೋಡಿ ಮತ್ತ ಕಟ್ರಿ. ಸಿಲ್ವರ್ ಓಕ್ ಜಲ್ದಿ ದಪ್ಪಾಗ್ತದ, ಬಿಗಿ ತಂತಿ ಎರಡು ವರ್ಷದೊಳಗ ತೊಗಟ್ಯಾಗ ಹೂತು ಹೋಗ್ತದ.